21 ದಿನದ ಹಸಿ ಊಟದ ಡಬ್ಬಿ: 14ನೇ ದಿನಕ್ಕೆ ನಾನು ಯಾಕೆ ನಿಲ್ಲಿಸಿದೆ

ಮೊದಲೇ ಹೇಳಿಬಿಡುತ್ತೇನೆ, ಕಂಪನಿ ಹೆಸರು ಬರೆಯಲ್ಲ. ಬೆಂಗಳೂರಿನಲ್ಲಿ ಇಂಥ ಡಬ್ಬಿ ಕಳಿಸುವವರು ಈಗ ಗಲ್ಲಿಗೊಬ್ಬರು ಇದ್ದಾರೆ. ನಮಗೆ ಸಿಕ್ಕವರು ತೀರಾ ಕೆಟ್ಟವರು ಅಂತಲೂ ನನಗೆ ಅನಿಸಿಲ್ಲ. ಆದರೆ ದುಡ್ಡು ಕೊಟ್ಟು ತಿಂದಿದ್ದೇವೆ, ಒಂದು ರಾತ್ರಿ ವಾಂತಿ ಬಳಿದಿದ್ದೇನೆ, ಹಾಗಾಗಿ ಬರೆಯುವ ಹಕ್ಕು ಇದೆ ಅಲ್ವಾ.

ಶುರುವಾಗಿದ್ದು ನಮ್ಮವರ ರಕ್ತ ಪರೀಕ್ಷೆಯಿಂದ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲ ಹತ್ತಿರ ಬಂದು ನಿಂತಿದೆ ಅಂದರು ಡಾಕ್ಟರು. ತೂಕ ಇಳಿಸಿ, ತರಕಾರಿ ಜಾಸ್ತಿ ತಿನ್ನಿ, ನಡೀರಿ. ಅಷ್ಟೇ ಹೇಳಿದ್ದು. ಇವರು ಆಫೀಸಿನಲ್ಲಿ ಯಾರದೋ ಮಾತು ಕೇಳಿಕೊಂಡು ಬಂದು ಪೂರ್ತಿ ಹಸಿ ಆಹಾರದ ಡಬ್ಬಿಗೆ ಹೆಸರು ಬರೆಸಿಬಿಟ್ಟರು. ದಿನಕ್ಕೆ 320 ರೂಪಾಯಿ, 21 ದಿನಕ್ಕೆ 6,720, ಮುಂಗಡವಾಗಿ. ಬೆಳಿಗ್ಗೆ ಒಂದು ಬಾಟಲಿ ರಸ, ಮಧ್ಯಾಹ್ನಕ್ಕೆ ದೊಡ್ಡ ಗಾಜಿನ ಡಬ್ಬಿಯಲ್ಲಿ ಊಟ, ಜೊತೆಗೆ ಒಂದು ಚಿಕ್ಕ ಸಿಹಿ. ರಾತ್ರಿಗೆ ನೀವೇ ಹಣ್ಣು ತಿನ್ನಿ ಅಂತ ಒಂದು ಪಟ್ಟಿ. ಯಾವುದನ್ನೂ 48 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಿಲ್ಲ ಅಂತ ಪ್ರತಿ ಡಬ್ಬಿಯ ಮೇಲೂ ಹಸಿರು ಚೀಟಿ. ಹಸಿ ಆಹಾರದವರು ಇಡೀ ಲೋಕದಲ್ಲಿ ಇಟ್ಟುಕೊಂಡಿರುವ ಲೆಕ್ಕ ಇದು. ಕೆಲವರು 42 ಅನ್ನುತ್ತಾರೆ, ಕೆಲವರು 48. ಅದಕ್ಕಿಂತ ಮೇಲೆ ಹೋದರೆ ಆಹಾರದ ಎನ್ಜೈಮುಗಳು ಸಾಯುತ್ತವಂತೆ. ನಮ್ಮ ಅತ್ತೆಯ ತವರು ಕಲಬುರಗಿ ಕಡೆ. ಮೇ ತಿಂಗಳಲ್ಲಿ ಅಲ್ಲಿನ ಗಾಳಿಯೇ 42 ದಾಟುತ್ತದೆ, ಮಾಳಿಗೆಯ ಕಲ್ಲಿನ ಮೇಲೆ ಕಾಲಿಡಲಾಗುವುದಿಲ್ಲ. ಅಲ್ಲಿ ಒಣಹಾಕಿದ ಮೆಣಸಿನಕಾಯಿ ಹಸಿಯೋ, ಬೆಂದದ್ದೋ? ಕಸ್ಟಮರ್ ಕೇರ್‌ಗೆ ಕೇಳಬೇಕು ಅಂದುಕೊಂಡಿದ್ದೆ, ಸುಮ್ನೆ ಬಿಟ್ಟೆ.

ಎನ್ಜೈಮಿನ ವಿಷಯ ಇಲ್ಲೇ ಮುಗಿಸಿಬಿಡೋಣ. ಎನ್ಜೈಮು ಅಂದರೆ ಒಂದು ಬಗೆಯ ಪ್ರೋಟೀನು. ಹೊಟ್ಟೆಯ ಆಮ್ಲಕ್ಕೆ ಅದು ಹೆಸರುಕಾಳಿನದೋ ಸೌತೆಕಾಯಿಯದೋ ಅಂತ ಭೇದ ಇಲ್ಲ, ಹೆಚ್ಚಿನದನ್ನು ಒಡೆದು ಹಾಕುತ್ತದೆ. ನಮ್ಮ ಊಟ ಜೀರ್ಣ ಮಾಡಲು ನಮ್ಮ ದೇಹವೇ ಬೇಕಾದ ಎನ್ಜೈಮು ಮಾಡಿಕೊಳ್ಳುತ್ತದೆ. ಹಸಿ ತಿನ್ನುವುದಕ್ಕೆ ಒಳ್ಳೆಯ ಕಾರಣಗಳು ಬೇರೆ ಇವೆ. ಕಾಯಿಸಿದರೆ ವಿಟಮಿನ್ ಸಿ ಕಡಿಮೆಯಾಗುತ್ತದೆ. ಹಸಿ ತರಕಾರಿ ಅಗಿಯಲು ಹೊತ್ತು ಹಿಡಿಯುತ್ತದೆ, ಹೊಟ್ಟೆ ತುಂಬುತ್ತದೆ, ಎಣ್ಣೆ ಕಡಿಮೆ ಹೋಗುತ್ತದೆ. ಇಷ್ಟು ಸಾಕಲ್ಲ? ಜೀವಂತ ಆಹಾರ, ಪ್ರಾಣಶಕ್ತಿ ಅಂತ ಚೀಟಿ ಅಂಟಿಸುವ ಅಗತ್ಯ ಏನಿದೆ.

ಮೊದಲ ಮೂರು ದಿನ ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು, ವ್ಯಂಗ್ಯ ಮಾಡುತ್ತಿಲ್ಲ. ಹಣ್ಣುಗಳು ಒಳ್ಳೆಯವು. ಪಪ್ಪಾಯಿ ಹದವಾಗಿ ಹಣ್ಣಾಗಿತ್ತು, ದಾಳಿಂಬೆ ಬಿಡಿಸಿ ಕೊಟ್ಟಿದ್ದರು. ಅದಕ್ಕೇ ಅರ್ಧ ದುಡ್ಡು ಕೊಡಬಹುದು, ದಾಳಿಂಬೆ ಬಿಡಿಸಿದವರಿಗೆ ಗೊತ್ತು. ಹೆಸರುಬೇಳೆ ಕೋಸಂಬರಿ ಬಂತು. ನೆನೆಸಿದ ಬೇಳೆ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್ ತುರಿ, ತೆಂಗಿನತುರಿ, ನಿಂಬೆಹುಳಿ. ಒಗ್ಗರಣೆ ಇಲ್ಲ. ಸಾಸಿವೆ ಸಿಡಿಯಲು ಎಣ್ಣೆ 48 ಡಿಗ್ರಿಯಲ್ಲಿ ಕಾದರೆ ಸಾಲದಲ್ಲ! ಒಗ್ಗರಣೆ, ಇಂಗು ಇಲ್ಲದ ಕೋಸಂಬರಿ ನನಗೆ ರಾಮನವಮಿಯಲ್ಲಿ ಪಾನಕ ಮರೆತ ಹಾಗೆ. ಆದರೂ ತಿಂದೆ. ಕೋಸಂಬರಿ ಅನ್ನುವುದು ಲೆಕ್ಕಾಚಾರದ ತಿಂಡಿ. ಬೇಳೆಯ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಬೇಕು, ಅಲ್ಲಿ ನಿಂಬೆ ಇದೆ. ಕ್ಯಾರೆಟ್ಟಿನ ಬಣ್ಣದಲ್ಲಿರುವ ಬೀಟಾ ಕೆರೋಟಿನ್ ಹೀರಿಕೊಳ್ಳಲು ಕೊಬ್ಬು ಬೇಕು, ಅಲ್ಲಿ ತೆಂಗಿನಕಾಯಿ ಇದೆ. ಬೇಳೆ ನೆನೆಸಿದ್ದರಿಂದ ಖನಿಜಗಳನ್ನು ಹಿಡಿದಿಡುವ ಫೈಟೇಟು ಸ್ವಲ್ಪ ಕಡಿಮೆಯಾಗಿರುತ್ತದೆ. ಯಾವ ಡಯಟೀಷಿಯನ್ನೂ ಬರೆದುಕೊಡದೆ ನಮ್ಮ ಮದುವೆ ಮನೆಯ ಎಲೆ ತುದಿಗೆ ಬಂದು ಕೂತಿರುವ ಹಸಿ ಊಟ ಅದು.

ನಾಲ್ಕನೇ ದಿನದಿಂದ ನನಗೆ ಅನುಮಾನ ಶುರುವಾಯಿತು. ಆವತ್ತಿನ ಡಬ್ಬಿಯಲ್ಲಿ ‘ಹಸಿ ಅವಲಕ್ಕಿ ಬೌಲ್’. ಅವಲಕ್ಕಿ ಹಸಿ ಹೇಗಾಗುತ್ತದೆ? ಭತ್ತ ನೆನೆಸಿ, ಹುರಿದು, ಬಿಸಿ ಇರುವಾಗಲೇ ಕುಟ್ಟಿದರೆ ಅವಲಕ್ಕಿ. ಬೆಂಕಿ ನೋಡದ ಅವಲಕ್ಕಿ ಇಲ್ಲವೇ ಇಲ್ಲ. ಮರುದಿನದ ಸಿಹಿ ಎಳ್ಳು ಮತ್ತು ಬೆಲ್ಲದ ಉಂಡೆ, ‘ರಾ ಲಡ್ಡು’ ಅಂತ ಹೆಸರು. ಬೆಲ್ಲ ಮಾಡುವ ಆಲೆಮನೆ ನೋಡಿದ್ದೀರಾ? ಮಂಡ್ಯದ ಕಡೆ ಹೋಗಿ ಒಂದು ಗಂಟೆ ನಿಂತು ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿರುತ್ತದೆ, ಪಾಕ ನೂರು ಡಿಗ್ರಿ ದಾಟುತ್ತದೆ. ಆಮೇಲೆ ‘ರಾ ಗೋಡಂಬಿ ಕ್ರೀಮ್’. ಗೋಡಂಬಿಯ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇರುತ್ತದೆ. ಅದಕ್ಕೇ ಮಂಗಳೂರಿನ ಕಡೆಯ ಕಾರ್ಖಾನೆಗಳಲ್ಲಿ ಒಡೆಯುವ ಮುಂಚೆ ಬೀಜವನ್ನು ಹಬೆಯಲ್ಲಿ ಬೇಯಿಸುತ್ತಾರೆ ಅಥವಾ ಹುರಿಯುತ್ತಾರೆ. ಅಂಗಡಿಯಲ್ಲಿ ಬೆಳ್ಳಗೆ ಸಿಗುವ ‘ಹಸಿ’ ಗೋಡಂಬಿ ಅಂದರೆ ಮತ್ತೆ ಹುರಿಯದೆ ಬಿಟ್ಟದ್ದು, ಅಷ್ಟೇ. ಓಟ್ಸ್ ಕೂಡ ಹಾಗೇ, ಹಬೆ ಕೊಟ್ಟೇ ಚಪ್ಪಟೆ ಮಾಡುವುದು.

ಇದೆಲ್ಲ ತಿಂದರೆ ಏನೂ ಆಗಲ್ಲ, ಅದು ನನಗೆ ಗೊತ್ತು. ನನ್ನ ತಕರಾರು ಬೇರೆ. ಅವಲಕ್ಕಿ ಹೇಗೆ ಆಗುತ್ತದೆ ಅಂತ ಗೊತ್ತಿಲ್ಲದವರು ಯಾವುದನ್ನು ಹಸಿ ತಿನ್ನಬಹುದು, ಯಾವುದನ್ನು ತಿನ್ನಬಾರದು ಅಂತ ತೀರ್ಮಾನ ಮಾಡುತ್ತಿದ್ದಾರೆ, ಅದಕ್ಕೆ ನಾನು 320 ಕೊಡುತ್ತಿದ್ದೇನೆ. ಈ ಯೋಚನೆ ಆ ದಿನ ಸುಮ್ನೆ ತಲೆಯಲ್ಲಿ ಬಂದು ಹೋಯಿತು. ಆವತ್ತೇ ನಿಲ್ಲಿಸಬೇಕಿತ್ತು.

ಆರನೇ ದಿನ ಸೋರೆಕಾಯಿ ರಸ ಕಹಿ ಇತ್ತು. ಸೋರೆಕಾಯಿ, ಶುಂಠಿ, ಪುದೀನ, ನಿಂಬೆ ಎಲ್ಲ ಸೇರಿಸಿ ಮಾಡಿದ್ದು. ಇವರು ಒಂದು ಗುಟುಕು ಕುಡಿದು ಮುಖ ಹಿಂಡಿಕೊಂಡರು. ಕಹಿ ಇದ್ದರೆ ಸಕ್ಕರೆಗೆ ಒಳ್ಳೆಯದಲ್ವಾ ಅಂತ ಇನ್ನೊಂದು ಗುಟುಕಿಗೆ ಬಾಟಲಿ ಎತ್ತಿದರು. ಅತ್ತೆ ಅಡುಗೆಮನೆಯಿಂದ ಬಂದು ಬಾಟಲಿ ಕಿತ್ತುಕೊಂಡರು. “ಕಹಿ ಸೋರೀಕಾಯಿ ಯಾರರ ಕುಡೀತಾರೇನೋ? ದನಕ್ಕೂ ಹಾಕಂಗಿಲ್ಲ ಅದನ್ನ!” ಅಂತ ನೇರ ಸಿಂಕಿಗೆ ಸುರಿದರು. ಅವರು ಸೋರೆಕಾಯಿ ಹೆಚ್ಚುವಾಗ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡುತ್ತಾರೆ, ಯಾವತ್ತೂ. ಮದುವೆಯಾದ ಹೊಸದರಲ್ಲಿ ನನಗೆ ಅದು ವಿಚಿತ್ರ ಅನಿಸುತ್ತಿತ್ತು. ಸೋರೆ, ಸೌತೆ, ಹೀರೆ ಜಾತಿಯ ಕಾಯಿಗಳು ಕಹಿಯಾದರೆ ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಜಾಸ್ತಿಯಾಗಿದೆ ಅಂತ ಅರ್ಥ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಂದು ತಜ್ಞರ ಸಮಿತಿ ಮಾಡಿತು. ಕಹಿ ಇದ್ದರೆ ಕುಡಿಯಲೇಬೇಡಿ, ಚೆಲ್ಲಿ ಅಂತ ಅವರ ಸಲಹೆ. ಈ ವಿಷ ಬೇಯಿಸಿದರೂ ಹೋಗಲ್ಲ, ಬೆಂಕಿ ಇಲ್ಲಿ ಕೆಲಸಕ್ಕೆ ಬಾರದು, ನಾಲಿಗೆಯೇ ಕಾವಲು. ಆ ನಾಲಿಗೆಗೆ ಗೊತ್ತಾಗದ ಹಾಗೆ ಶುಂಠಿ, ನಿಂಬೆ, ಪುದೀನ ಸುರಿದರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಹಾಗಲಕಾಯಿಯ ಕಹಿ ಅದರ ಹುಟ್ಟುಗುಣ, ಅದು ಬೇರೆ ಮಾತು. ಕಹಿ ಆಗಬಾರದ ಕಾಯಿ ಕಹಿಯಾದಾಗ ಹೆದರಬೇಕು.

ದೂರು ಕೊಟ್ಟೆ. ‘ಕ್ಷಮಿಸಿ ಮೇಡಂ, ನಾಳೆ ಒಂದು ಬಾಟಲಿ ಉಚಿತ’ ಅಂತ ಉತ್ತರ ಬಂತು. ಮರುದಿನ ಉಚಿತ ಬಾಟಲಿ ಬಂತು, ಸೋರೆಕಾಯಿದೇ.

ಈಗ ಒಂಬತ್ತನೇ ದಿನ. ‘ಪ್ರೋಟೀನ್ ಬೌಲ್’ ಅಂತ ದೊಡ್ಡ ಡಬ್ಬಿ. ಮೊಳಕೆ ಬಂದ ಹೆಸರುಕಾಳು, ಮಡಿಕೆಕಾಳು, ಕಡಲೆ, ಮಧ್ಯೆ ಅಲ್ಲಲ್ಲಿ ಕೆಂಪಗೆ ಹೊಳೆಯುವ ದಪ್ಪ ಕಾಳು. ಪಿಂಗಾಣಿ ಬಟ್ಟಲಲ್ಲಿ ಹಾಕಿ ಫೋಟೋ ತೆಗೆದರೆ ಬಹಳ ಚೆಂದ ಕಾಣುತ್ತದೆ. ಇವರು ಮಧ್ಯಾಹ್ನ ಒಂದೂವರೆಗೆ ಆಫೀಸಿನಲ್ಲಿ ತಿಂದರು. ಕೆಂಪು ಕಾಳು ಗಟ್ಟಿ ಇತ್ತಂತೆ, ಜಗಿದೇ ತಿಂದರಂತೆ, ಆರೋ ಏಳೋ ಇತ್ತಂತೆ. ನಾಲ್ಕು ಗಂಟೆಗೆ ಫೋನು, ಹೊಟ್ಟೆ ತೊಳಸುತ್ತಿದೆ ಅಂತ. ಮನೆಗೆ ಬರುವಷ್ಟರಲ್ಲಿ ಆಟೋದಲ್ಲಿ ಒಂದು ಸಲ, ಗೇಟಿನಲ್ಲಿ ಒಂದು ಸಲ ವಾಂತಿ. ರಾತ್ರಿ ಹತ್ತರವರೆಗೂ ಅದೇ. ಉಪ್ಪು ಸಕ್ಕರೆ ನೀರು ಕುಡಿಸಿ ಕುಡಿಸಿ ಸಾಕಾಯಿತು. ಬೆಳಿಗ್ಗೆ ಹೊತ್ತಿಗೆ ಸರಿಯಾದರು, ಪುಣ್ಯ.

ಉಳಿದಿದ್ದ ಡಬ್ಬಿ ತೆರೆದು ಕಾಳು ಕೈಯಲ್ಲಿ ಹಿಡಿದಾಗ ಗೊತ್ತಾಯಿತು. ರಾಜ್ಮಾ. ಹಸೀ ರಾಜ್ಮಾ, ಕಾಲು ಇಂಚು ಮೊಳಕೆ ಬರಿಸಿದ್ದು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, “ಇದನ್ನ ಕುದಿಸಲಾರದ ಹ್ಯಾಂಗ ಕೊಟ್ಟಾರವಾ?” ಅಂದರು. ಅವರ ಊರಲ್ಲಿ ರಾಜ್ಮಾ ಇರಲೇ ಇಲ್ಲ, ಆದರೂ ಕೇಳಿದ ಪ್ರಶ್ನೆ ನೋಡಿ. ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಒಂದು ಬಗೆಯ ವಿಷದ ಪ್ರೋಟೀನು ಇರುತ್ತದೆ. ನಾಲ್ಕೈದು ಹಸಿ ಕಾಳು ತಿಂದರೆ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ. ನಮ್ಮ ಮನೆಯಲ್ಲಿ ಗಡಿಯಾರ ಇಟ್ಟ ಹಾಗೆ ಎರಡೂವರೆ ಗಂಟೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. ಕನಿಷ್ಠ ಹತ್ತು ನಿಮಿಷ, ಅರ್ಧ ಗಂಟೆ ಆದರೆ ಇನ್ನೂ ಒಳ್ಳೆಯದು. ಕುಕ್ಕರಿನಲ್ಲಿ ಕೂಗಿಸಿದರೆ ಆ ಚಿಂತೆ ಇಲ್ಲ. ಮೊಳಕೆ ಬಂದರೆ ಹೋಗಿಬಿಡುತ್ತದೆ ಅನ್ನುವುದನ್ನು ನಂಬಬೇಡಿ. ಇನ್ನೊಂದು ವಿಷಯ ಕೇಳಿ: ಅರೆಬಿಸಿಯಲ್ಲಿ ಇಟ್ಟರೆ ಆ ವಿಷ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಕುದಿಸಲೇ ಬಿಡದ ನಮ್ಮ ಹಸಿರು ಚೀಟಿಯ 48 ಡಿಗ್ರಿ ನಿಯಮ ರಾಜ್ಮಾ ಪಾಲಿಗೆ ಅತಿ ಕೆಟ್ಟ ನಿಯಮ.

ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಬಂದ ಉತ್ತರವನ್ನು ಹಾಗೇ ಹಾಕುತ್ತೇನೆ: “ಮೇಡಂ, ನಮ್ಮ ಕಾಳುಗಳನ್ನು 16 ಗಂಟೆ ನೆನೆಸಿ ಮೊಳಕೆ ಬರಿಸಿರುತ್ತೇವೆ. ಸರ್ ದೇಹ ಡಿಟಾಕ್ಸ್ ಆಗುತ್ತಿರಬಹುದು. ಎಳನೀರು ಕೊಡಿ.”

ಡಿಟಾಕ್ಸ್, ಅಂದರೆ ಮೈಯೊಳಗಿನ ವಿಷ ಹೊರಗೆ ಹೋಗುವುದಂತೆ! ಅದೇ ಗುಂಪಿನಲ್ಲಿ ಇನ್ನೊಬ್ಬ ಹೆಣ್ಣುಮಗಳು ಎರಡು ತಿಂಗಳಿಂದ ಪೂರ್ತಿ ಹಸಿ ಊಟ ಮಾಡುತ್ತಿದ್ದಳು. ಮುಟ್ಟು ನಿಂತಿದೆ ಅಂತ ಕೇಳಿದ್ದಕ್ಕೂ ಅದೇ ಉತ್ತರ ಕೊಟ್ಟಿದ್ದರು. ಆಗ ನಾನು ಅಷ್ಟು ಗಮನ ಕೊಟ್ಟಿರಲಿಲ್ಲ, ಆಮೇಲೆ ಹುಡುಕಿ ಓದಿದೆ. ಜರ್ಮನಿಯ ಗೀಸೆನ್‌ನಲ್ಲಿ ಬಹಳ ಕಾಲದಿಂದ ಹಸಿ ಆಹಾರವನ್ನೇ ತಿನ್ನುತ್ತಿದ್ದ 513 ಜನರನ್ನು ನೋಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಮುಟ್ಟು ತಪ್ಪುತ್ತಿತ್ತು ಅಥವಾ ಪೂರ್ತಿ ನಿಂತಿತ್ತು. ತೂಕ ಸಿಕ್ಕಾಪಟ್ಟೆ ಇಳಿದಿತ್ತು. ಹಸಿ ಆಹಾರದ ಪ್ರಮಾಣ ಜಾಸ್ತಿಯಾದಷ್ಟೂ ಸಮಸ್ಯೆ ಜಾಸ್ತಿ. ಬೇಯಿಸಿದಾಗ ಪಿಷ್ಟ, ಪ್ರೋಟೀನು ಮೆತ್ತಗಾಗಿ ಸುಲಭವಾಗಿ ಜೀರ್ಣವಾಗುತ್ತವೆ. ಬೇಯಿಸದೆ ತಿಂದರೆ ತಟ್ಟೆಯಲ್ಲಿ ಗುಡ್ಡೆ ಇದ್ದರೂ ಮೈಗೆ ಸೇರುವುದು ಕಡಿಮೆ. ಹೊಟ್ಟೆ ತುಂಬಿರುತ್ತದೆ, ದೇಹ ಉಪವಾಸ ಇರುತ್ತದೆ. ಆ ಹುಡುಗಿಗೆ ನಾನೇ ಬೇರೆಯಾಗಿ ಮೆಸೇಜ್ ಮಾಡಿ ಡಾಕ್ಟರ ಹತ್ತಿರ ಹೋಗು ತಾಯಿ ಅಂದೆ. ಹೋದಳೋ ಇಲ್ಲವೋ.

ಗಾಂಧೀಜಿಯೂ ಇದನ್ನು ಮಾಡಿ ನೋಡಿದ್ದರು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1929ರಲ್ಲಿ ಮೊಳಕೆ ಗೋಧಿ, ಬಾದಾಮಿ, ಹಸಿ ಸೊಪ್ಪು ಅಂತ ಕೆಲವು ತಿಂಗಳು ಒಲೆ ಮುಟ್ಟದ ಊಟ ಮಾಡಿದರು, ಅದರ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಆಮೇಲೆ ಹೊಟ್ಟೆ ಕೆಟ್ಟು, ನಿತ್ರಾಣವಾಗಿ ನಿಲ್ಲಿಸಿದರು, ಅದನ್ನೂ ಮುಚ್ಚಿಡದೆ ಬರೆದರು. ನಮ್ಮ ಕಂಪನಿಯವರು ಚೀಟಿಯ ಮೇಲೆ ಅವರ ಚಿತ್ರ ಹಾಕಿದ್ದಾರೆ, ಎರಡನೆಯ ಭಾಗ ಹಾಕಿಲ್ಲ.

ಹತ್ತರಿಂದ ಹದಿನಾಲ್ಕನೇ ದಿನದವರೆಗೆ ಡಬ್ಬಿ ಬಂದರೆ ನಾನೂ ಅತ್ತೆಯೂ ಮೊದಲು ಅದನ್ನು ತಟ್ಟೆಗೆ ಸುರಿದು ಆರಿಸುತ್ತಿದ್ದೆವು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಒಂದು ದಿನ ಮೆಂತ್ಯದ ಮೊಳಕೆ ಲೋಳೆ ಲೋಳೆಯಾಗಿತ್ತು. ಡೆಲಿವರಿ ಹುಡುಗ ಎಂಟಕ್ಕೇ ತಂದು ಸೆಕ್ಯುರಿಟಿ ಹತ್ತಿರ ಇಟ್ಟಿದ್ದ, ನಾನು ತಂದಿದ್ದು ಹನ್ನೊಂದಕ್ಕೆ. ಮಾರ್ಚ್ ಬಿಸಿಲು, ಮೂರು ಗಂಟೆ, ಐಸ್ ಇಲ್ಲ. ಹುಡುಗನದು ತಪ್ಪಲ್ಲ, ಅವನಿಗೆ ಎಂಟೂವರೆಯೊಳಗೆ ಇಪ್ಪತ್ತು ಮನೆ. ಆದರೆ ಮೊಳಕೆ ಅಂದರೆ ಬೆಚ್ಚಗೆ, ಒದ್ದೆಯಾಗಿ ಇಟ್ಟು ಬೆಳೆಸುವ ವಸ್ತು. ಕಾಳಿಗೆ ಹಿತವಾದ ಜಾಗ ಕ್ರಿಮಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದಲೇ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಹರಡಿ 50ಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಫ್ರಿಜ್ ಇಲ್ಲದ ಅಂಗಡಿ ಇಲ್ಲ, ಆದರೂ. ಮನೆಯಲ್ಲಿ ಮೊಳಕೆ ಕಟ್ಟಿದರೆ ದಿನಕ್ಕೆ ಎರಡು ಮೂರು ಸಲ ತೊಳೆಯಿರಿ, ಮೊಳಕೆ ಬಂದ ಕೂಡಲೇ ಫ್ರಿಜ್ಜಿಗೆ ಇಡಿ, ಒಂದೆರಡು ದಿನದಲ್ಲಿ ಮುಗಿಸಿ. ವಾಸನೆ ಬಂದರೆ, ಲೋಳೆಯಾದರೆ ಮುಲಾಜಿಲ್ಲದೆ ಎಸೆಯಿರಿ. ಬಸುರಿಯರು, ವಯಸ್ಸಾದವರು, ಸಣ್ಣ ಮಕ್ಕಳಿಗೆ ಹಬೆಯಲ್ಲಿ ಬೇಯಿಸಿಯೇ ಕೊಡಿ. ನಮ್ಮ ಅತ್ತೆಗೆ 74, ಅವರಿಗೆ ನಾನು ಉಸುಳಿ ಮಾಡಿಕೊಟ್ಟೆ.

ಸೊಪ್ಪಿನದು ಇನ್ನೊಂದು ಕಥೆ. ಡಬ್ಬಿಯ ಪಾಲಕ್ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ‘ಸ್ಥಳೀಯ ರೈತರಿಂದ’ ಅಂದರು. ಬೆಂಗಳೂರಿನ ಸ್ಥಳೀಯ ಅಂದರೆ ಸ್ವಲ್ಪ ಯೋಚನೆ ಮಾಡಬೇಕು. ವೃಷಭಾವತಿ ನದಿಯ ನೀರು ಬೈರಮಂಗಲದ ಕಡೆ ಹರಿದು ಹೋಗುವ ದಾರಿಯಲ್ಲಿ ಹೊಲಗಳಿವೆ. ನಗರದ ಕೊಳಚೆ, ಕಾರ್ಖಾನೆಯ ನೀರು ಎಲ್ಲ ಸೇರಿದ ನೀರು ಅದು. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಮೇಲೆ ಹುಳದ ಮೊಟ್ಟೆ ಇರಬಹುದು, ಅದರಲ್ಲಿ ಲಾಡಿಹುಳುವಿನದೂ ಒಂದು. ಆ ಮೊಟ್ಟೆ ಹೊಟ್ಟೆಗೆ ಹೋಗಿ, ಮರಿ ಮೆದುಳಿಗೆ ತಲುಪಿದರೆ ಫಿಟ್ಸ್ ಬರುತ್ತದೆ. ಎಲೆಕೋಸು ತಿಂದರೆ ಮೆದುಳಿಗೆ ಹುಳ ಅಂತ ಹೆದರಿಸುತ್ತಾರಲ್ಲ, ಅದರ ಹಿಂದಿನ ನಿಜ ಇಷ್ಟು. ಕೋಸಿನ ತಪ್ಪಲ್ಲ, ಹೊಲಸು ನೀರಿನ ತಪ್ಪು. ಶುದ್ಧ ಸಸ್ಯಾಹಾರಿಗಳಿಗೂ ಬರುವುದು ಇದೇ ಕಾರಣಕ್ಕೆ. ಎಲೆ ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದರೆ ಬಹಳಷ್ಟು ಹೋಗುತ್ತದೆ, ಬೇಯಿಸಿದರೆ ಪೂರ್ತಿ ಹೋಗುತ್ತದೆ. ಕಾರ್ಖಾನೆ ನೀರಿನ ಸೀಸ, ಕ್ಯಾಡ್ಮಿಯಂ ಮಾತ್ರ ಹೇಗೆ ತೊಳೆದರೂ ಪೂರ್ತಿ ಹೋಗಲ್ಲ. ಪಾಲಕ್ಕಿನಲ್ಲಿ ಆಕ್ಸಲೇಟ್ ಬೇರೆ ಜಾಸ್ತಿ. ಕಿಡ್ನಿ ಕಲ್ಲು ಆದವರು ದಿನಾ ಹಸಿ ಪಾಲಕ್ ರಸ ಕುಡಿಯುವುದು ಕಲ್ಲನ್ನು ಮತ್ತೆ ಕರೆದ ಹಾಗೆ. ಕುದಿಸಿ ನೀರು ಬಸಿದರೆ ಒಂದಷ್ಟು ಆ ನೀರಿನಲ್ಲೇ ಹೋಗುತ್ತದೆ.

ಹಾಗಾದರೆ ಹಸಿಯಾಗಿ ಏನು ತಿನ್ನಬೇಕು? ಈ ಐದು ದಿನ ತಟ್ಟೆ ಮುಂದೆ ಕೂತು ಅತ್ತೆ, ಸೊಸೆ ಮಾತಾಡಿದ್ದು ಅದೇ. ಅತ್ತೆಯ ಕಡೆ ಜೋಳದ ರೊಟ್ಟಿ ಊಟದ ತಟ್ಟೆಯಲ್ಲಿ ಹಸಿ ಮೆಂತ್ಯಸೊಪ್ಪು, ಹಕ್ಕರಕಿ ಸೊಪ್ಪು, ಮೂಲಂಗಿ, ಗಜ್ಜರಿ, ಈರುಳ್ಳಿ, ಸೌತೆಕಾಯಿ ಇರಲೇಬೇಕು. ನನ್ನ ತವರು ಸಾಗರದ ಕಡೆ. ನಮ್ಮಲ್ಲಿ ಒಂದೆಲಗವನ್ನು ಹಸಿಯಾಗಿಯೇ ಕಾಯಿ ಜೊತೆ ರುಬ್ಬಿ ಮಜ್ಜಿಗೆ ಹಾಕಿ ತಂಬುಳಿ ಮಾಡುತ್ತಾರೆ. ಆದರೆ ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿಯೇ ರುಬ್ಬುವುದು. ಕೆಸುವಿನ ಎಲೆಯನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದೆ ಯಾರೂ ಬಾಯಿಗಿಡಲ್ಲ, ಇಟ್ಟರೆ ಗಂಟಲಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತದೆ. ಎಲೆಯೊಳಗೆ ನಿಜವಾಗಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಕಳಲೆಯನ್ನು ಹೆಚ್ಚಿ ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸುವುದು ಯಾಕೆ? ಹಸಿ ಬಿದಿರಿನ ಮೊಳಕೆಯಲ್ಲಿ ಸೈನೈಡ್ ಬಿಡುವ ವಸ್ತು ಇದೆ. ಮರಗೆಣಸಿನಲ್ಲೂ ಇದೆ, ಅದನ್ನು ಬೇಯಿಸದೆ ತಿನ್ನಲೇಬಾರದು. ನಮ್ಮ ಅಜ್ಜಿಗೆ ಸೈನೈಡ್ ಅಂದರೆ ಗೊತ್ತಿರಲಿಲ್ಲ, ಮೂರು ದಿನ ಅಂದರೆ ಮೂರೇ ದಿನ ಅಂತ ಮಾತ್ರ ಗೊತ್ತಿತ್ತು.

ಹಾಗಂತ ಹಳಬರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ನಮ್ಮ ಮಾವ ಹುಡುಗರಾಗಿದ್ದಾಗ ಗರಡಿಮನೆಯಲ್ಲಿ ದಿನಾ ಎರಡು ಹಸಿ ಮೊಟ್ಟೆ ಒಡೆದು, ಆಗ ತಾನೇ ಕರೆದ ಹಾಲಿಗೆ ಹಾಕಿ ಕುಡಿಯುತ್ತಿದ್ದರಂತೆ, ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಬರಬಹುದು, ಹಸಿ ಮೊಟ್ಟೆಯಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಕ್ರಿಮಿ. ಮೊಟ್ಟೆಯ ಬಿಳಿಯ ಪ್ರೋಟೀನ್ ಬೇಯಿಸಿದರೇ ಚೆನ್ನಾಗಿ ಜೀರ್ಣ ಆಗುವುದು. ಮಾವನಿಗೆ ಇದನ್ನು ಹೇಳಲು ಹೋಗಿ ಬೈಸಿಕೊಂಡೆ. ಬಿಡಿ.

ನಮ್ಮ ಮನೆಯ ಈಗಿನ ಲೆಕ್ಕ ಹೀಗಿದೆ. ಹಣ್ಣು ಹಸಿ, ಜಗಿದು ತಿನ್ನುವುದು, ರಸ ಮಾಡುವುದಿಲ್ಲ. ರಸ ಮಾಡಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ, ಇವರ 6.1ಕ್ಕೆ ಅದು ಬೇಡ. ಈ ಡಬ್ಬಿಯ ಖರ್ಜೂರದ ಉಂಡೆಗಳೂ ಅದಕ್ಕೇ ಬೇಡ, ಹಸಿ ಅಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಲ್ಲ ಅಂತ ಆಗಲ್ಲವಲ್ಲ. ಸೌತೆ, ಮೂಲಂಗಿ, ಈರುಳ್ಳಿ, ಕ್ಯಾರೆಟ್ ಹಸಿ. ನೆಲ್ಲಿಕಾಯಿ ಹಸಿ, ಅರ್ಧ ಕಾಯಿಗೆ ಉಪ್ಪು ಹಚ್ಚಿಕೊಂಡು. ಟೊಮೆಟೊ ಎರಡೂ ಬಗೆ, ಯಾಕಂದರೆ ಎಣ್ಣೆಯಲ್ಲಿ ಬೇಯಿಸಿದಾಗ ಅದರ ಕೆಂಪು ಬಣ್ಣದ ಲೈಕೋಪೀನ್ ಮೈಗೆ ಚೆನ್ನಾಗಿ ಹತ್ತುತ್ತದೆ, ವಿಟಮಿನ್ ಸಿ ಬೇಕಾದರೆ ಹಸಿಯೇ ಒಳ್ಳೆಯದು. ಹೆಸರುಬೇಳೆ ಕೋಸಂಬರಿ ವಾರಕ್ಕೆ ಮೂರು ಸಲ, ಒಗ್ಗರಣೆ ಸಮೇತ. ಮೊಳಕೆ ಹೆಸರುಕಾಳು ಒಂದು ಹಿಡಿ ಹಸಿ, ಜಾಸ್ತಿ ಇದ್ದರೆ ಬೇಯಿಸಿ. ರಾಜ್ಮಾ, ಸೋಯಾ, ಅವರೆ, ಅಲಸಂದೆ ಇವಕ್ಕೆ ಕುಕ್ಕರ್. ನೆನೆಸಿದ ಶೇಂಗಾ ಸರಿ, ಆದರೆ ಸುಕ್ಕಾದ, ಬೂಷ್ಟು ಹಿಡಿದ ಕಾಳು ಒಂದೂ ಇರಬಾರದು, ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಅಂಥದ್ದರಲ್ಲೇ ಜಾಸ್ತಿ ಇರುವುದು. ಹಸಿರು ತಿರುಗಿದ ಆಲೂಗಡ್ಡೆ ಹಸಿಯೂ ಬೇಡ, ಬೆಂದದ್ದೂ ಬೇಡ. ಮೊಸರು, ಮಜ್ಜಿಗೆ ಖಂಡಿತ ಬೇಕು. ಹಾಲು ಕಾಯಿಸಿ ಹೆಪ್ಪು ಹಾಕಿದ್ದರಿಂದ ಚೀಟಿಯ ಪ್ರಕಾರ ಅದು ಹಸಿಯಲ್ಲ. ಆದರೆ ನಮ್ಮಂಥ ಮಾಂಸ, ಮೊಟ್ಟೆ ತಿನ್ನದವರಿಗೆ ವಿಟಮಿನ್ ಬಿ12 ಸಿಗುವ ಜಾಗ ಅಲ್ಲೇ ಇರುವುದು, ಅದೂ ಸಾಲದೆ ಎಷ್ಟೋ ಜನ ಮಾತ್ರೆ ನುಂಗುತ್ತಾರೆ. ಡಬ್ಬಿಯವರ ಗುಲಾಬಿ ಬಣ್ಣದ ಹಿಮಾಲಯನ್ ಉಪ್ಪಿನ ಬದಲು ಅಯೋಡಿನ್ ಇರುವ ಬಿಳಿ ಉಪ್ಪು.

ಒಟ್ಟು ತಟ್ಟೆಯಲ್ಲಿ ಮೂರನೇ ಒಂದು ಭಾಗ ಹಸಿ ಬರುತ್ತದೆ. ಉಳಿದದ್ದು ರೊಟ್ಟಿ, ಬೇಳೆ, ಪಲ್ಯ. ಇವರ ತೂಕ ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಸಂಜೆ ನಡೆಯುವುದರಿಂದಲೂ ಇರಬಹುದು, ಕೋಸಂಬರಿಗೆ ಪೂರ್ತಿ ಹೆಸರು ಕೊಡಲಾರೆ.

ರೇಟಿಂಗ್ ಕೇಳುವವರಿಗೆ: ಐದಕ್ಕೆ ಒಂದೂವರೆ. ಒಂದು ಹಣ್ಣಿಗೆ, ಅರ್ಧ ದಾಳಿಂಬೆ ಬಿಡಿಸಿಕೊಟ್ಟಿದ್ದಕ್ಕೆ. ಉಳಿದ ಏಳು ದಿನದ 2,240 ರೂಪಾಯಿ ವಾಪಸ್ ಕೇಳಿದೆ. ದುಡ್ಡಿನ ಬದಲು ಅವರ ಆ್ಯಪಿನ ವ್ಯಾಲೆಟ್ಟಿಗೆ ಹಾಕಿದ್ದಾರೆ, ಅದರಿಂದ ಅವರದೇ ಇನ್ನೊಂದು ಪ್ಯಾಕೇಜ್ ಕೊಳ್ಳಬಹುದಂತೆ. ನೀವು ಇಂಥದ್ದಕ್ಕೆ ಸೇರುವುದಾದರೆ 21 ದಿನಕ್ಕೆ ಒಟ್ಟಿಗೆ ಕಟ್ಟಬೇಡಿ, ಮೂರು ದಿನಕ್ಕೆ ಕೊಟ್ಟು ನೋಡಿ. ಮೊದಲನೇ ದಿನವೇ ಎರಡು ಪ್ರಶ್ನೆ ಕೇಳಿ: ರಾಜ್ಮಾ ಹಾಕುತ್ತೀರಾ, ಸೋರೆಕಾಯಿ ರುಚಿ ನೋಡಿ ಹಿಂಡುತ್ತೀರಾ. ಉತ್ತರದಲ್ಲಿ ಡಿಟಾಕ್ಸ್ ಅನ್ನುವ ಪದ ಬಂದರೆ ಫೋನ್ ಇಟ್ಟುಬಿಡಿ.

ಅವರ ಗಾಜಿನ ಡಬ್ಬಿ ಹದಿನಾಲ್ಕು ನಮ್ಮ ಮನೆಯಲ್ಲೇ ಉಳಿದಿವೆ. ತಗೊಂಡು ಹೋಗಿ ಅಂತ ಎರಡು ಸಲ ಮೆಸೇಜ್ ಹಾಕಿದೆ, ಯಾರೂ ಬಂದಿಲ್ಲ. ಮುಚ್ಚಳ ಗಟ್ಟಿ ಇದೆ, ಗಾಳಿ ಆಡಲ್ಲ. ಒಂದರಲ್ಲಿ ಅತ್ತೆ ಗುರೆಳ್ಳು ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ತುಂಬಿದ್ದಾರೆ, ಇನ್ನೊಂದರಲ್ಲಿ ಅಗಸಿ ಹಿಂಡಿ. ಹಸಿರು ಚೀಟಿ ಎಷ್ಟು ಕೆರೆದರೂ ಪೂರ್ತಿ ಬಂದಿಲ್ಲ.